ಹಾಲು ಕರೆಯುವವರ ಎತ್ತರ

ನಮ್ಮ ಕಡೆಯವರಿಗೆ ಮಾತು ಬರೋದಿಲ್ಲ ಅಂತ ಯಾರಾದರೂ ಅಂದರೆ, ಅವರು ಒಂದು ಸಲ ನಮ್ಮ ಕ್ಯಾಂಟರ್ಕ್ ಊರಿನ ದನದ ಸಂತೆಗೆ ಬಂದು ನಿಲ್ಲಲಿ. ಮಳೆಯ ವಿಷಯ ಅರ್ಧ ಗಂಟೆ, ಭಾನುವಾರದ ಪಂದ್ಯದ ವಿಷಯ ಒಂದು ಗಂಟೆ, ಪಕ್ಕದವನ ಹೋರಿ ಬೇಲಿ ಹಾರಿದ ವಿಷಯ ಊಟದ ಹೊತ್ತಿನವರೆಗೆ. ಆದರೆ 'ನನಗೆ ಇದು ಬೇಕು' ಅನ್ನೋ ಮಾತು ಮಾತ್ರ ಸತ್ತರೂ ಬಾಯಿಂದ ಹೊರಡಲ್ಲ. ಯಾರ ಮನೆಗಾದರೂ ಹೋದರೆ ಚಹಾ ಬೇಕಾ ಅಂತ ಕೇಳಿದ ಕೂಡಲೇ ಬೇಕು ಅನ್ನೋ ಹಾಗಿಲ್ಲ. "ಬೇಡ ಬೇಡ, ಈಗ ತಾನೇ ಕುಡಿದು ಬಂದೆ" ಅಂತ ಗಂಟಲು ಒಣಗಿಸಿಕೊಂಡು ಕೂತಿರಬೇಕು. ಮನೆಯವರು ಎರಡನೇ ಸಲ ಕೇಳಿದಾಗಲೂ ಬೇಡ. ಮೂರನೇ ಸಲ ಒತ್ತಾಯ ಮಾಡಿದರೆ, "ಸರಿ, ಇಷ್ಟು ಹೇಳ್ತೀರಲ್ಲ" ಅಂತ ಕಪ್ಪು ಹಿಡಿಯಬೇಕು. ಚಹಾದ ಮಟ್ಟಿಗೆ ಇದೆಲ್ಲ ನಡೆಯುತ್ತೆ. ಡೆನ್ನಿ ಕೀಫ್ ಮತ್ತು ಅವನ ಮಗಳು ಡಿಂಪ್ನಾ ಹಾಲುಕೊಟ್ಟಿಗೆ ಕಟ್ಟೋ ವಿಷಯದಲ್ಲೂ ಇದನ್ನೇ ಮಾಡಿಕೊಂಡರು, ಪುಣ್ಯಾತ್ಮರು.

ವಿಷಯ ಎದ್ದದ್ದು ಅಕ್ಟೋಬರಿನಲ್ಲಿ. ಹಾಲಿನ ಸಂಘದಿಂದ ತಪಾಸಣೆಗೆ ಬಂದವನು ಹಳೆಯ ಹಾಲುಕೊಟ್ಟಿಗೆಯ ಗೋಡೆಗೆ ಬೆರಳು ಒತ್ತಿದ. ಗಾರೆ ಉದುರಿ ಅವನ ಬೂಟಿನ ಮೇಲೇ ಬಿತ್ತು. ಮೇಲೆ ನೋಡಿದರೆ ತಗಡಿಗೆ ತುಕ್ಕು, ಕೆಳಗೆ ನೋಡಿದರೆ ನೆಲ ಬಿರುಕು. ಒಳ್ಳೆ ಮನುಷ್ಯ, ಗದರಲಿಲ್ಲ.

"ಡೆನ್ನಿ, ಈ ವರ್ಷ ಹೇಗೋ ಕಳೀತು. ಬರೋ ವರ್ಷ ಈ ಕೊಟ್ಟಿಗೆ ಹಾಲು ತಗೊಳ್ಳೋಕೆ ಆಗಲ್ಲ ಮಾರಾಯ. ಹೊಸದು ಕಟ್ಟಿಸು, ಇಲ್ಲ..." ಅಂದ. ಇಲ್ಲ ಅಂದರೆ ಏನು ಅನ್ನೋದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಹಸುಗಳನ್ನು ಮಾರೋದು.

ಯೋಚನೆಗೆ ಬಹಳ ದಿನ ಇರಲಿಲ್ಲ. ನಮ್ಮಲ್ಲಿ ಹಸುಗಳೆಲ್ಲ ಫೆಬ್ರವರಿಯಿಂದ ಒಂದರ ಹಿಂದೆ ಒಂದು ಕರು ಹಾಕುತ್ತವೆ, ಡಿಸೆಂಬರಿನಲ್ಲಿ ಕರೆಯೋದು ನಿಲ್ಲಿಸಿ ಎಲ್ಲವನ್ನೂ ಒಟ್ಟಿಗೇ ಬತ್ತಿಸುತ್ತೇವೆ. ನಡುವೆ ಸಿಗುವ ಅಷ್ಟು ಬಿಡುವಿನಲ್ಲೇ ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗಬೇಕು. ಕಟ್ಟೋದಾದರೆ ಕ್ರಿಸ್‌ಮಸ್ಸಿಗೆ ಮುಂಚೆ ಕಾಂಕ್ರೀಟು ಬೀಳಬೇಕು.

ಹಳೆಯದನ್ನು ಕಟ್ಟಿಸಿದ್ದು ಡೆನ್ನಿಯ ಅಪ್ಪ. ಹಸುಗಳು ಎರಡೂ ಪಕ್ಕದಲ್ಲಿ ಮೇಲಿನ ಕಟ್ಟೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಕರೆಯುವವನು ನಡುವಿನ ತಗ್ಗಿನಲ್ಲಿ ನಿಂತು, ಕೈಗೆ ಸರಿಯಾಗಿ ಬರುವ ಕೆಚ್ಚಲಿಗೆ ಯಂತ್ರದ ಬಟ್ಟಲು ಸಿಕ್ಕಿಸುತ್ತ ಹೋಗುತ್ತಾನೆ. ಆ ತಗ್ಗು ಎಷ್ಟು ಆಳ ಅನ್ನೋದರಲ್ಲೇ ಎಲ್ಲ ಇದೆ. ಕರೆಯುವವನ ಎತ್ತರ ಕೇಳಿ ತೋಡಬೇಕು. ಹೆಚ್ಚು ಆಳವಾದರೆ ಭುಜ ಹೋಗುತ್ತೆ, ಕಮ್ಮಿ ಆದರೆ ಸೊಂಟ ಹೋಗುತ್ತೆ. ಡೆನ್ನಿಯ ಅಪ್ಪ ಗಿಡ್ಡ ಆಸಾಮಿ, ತನ್ನ ಅಳತೆಗೆ ತೋಡಿಸಿಕೊಂಡು ಸುಖವಾಗಿ ಕರೆದು ಸ್ವರ್ಗಕ್ಕೆ ಹೋದ. ಅವನ ಮೊಮ್ಮಗ, ಡೆನ್ನಿಯ ಮಗ ಫಿಂಟನ್, ಆರಡಿ ಒಂದಿಂಚು ಬೆಳೆದ. ಹದಿನೈದರ ವಯಸ್ಸಿಂದ ಬೆಳಿಗ್ಗೆ ಸಂಜೆ ಬಗ್ಗಿ ಬಗ್ಗಿ ಕರೆದು, ಸೊಂಟ ಹಿಡಿದುಕೊಂಡೇ ಆಚೆ ಬರುತ್ತಿದ್ದ. "ತಾತನಿಗೆ ನಾನು ಹುಟ್ಟೋದು ಗೊತ್ತಿತ್ತು ಅನ್ಸುತ್ತೆ, ಬೇಕಂತ್ಲೇ ಮಾಡಿದಾನೆ ಮುದುಕ," ಅನ್ನುತ್ತಿದ್ದ. ಹೊಸ ಕೊಟ್ಟಿಗೆಗೆ ಅಂತ ಹಿತ್ತಲ ಗದ್ದೆಯಲ್ಲಿ ತಾನೇ ನಾಲ್ಕು ಮೂಲೆಗೆ ಗೂಟ ಹೊಡೆದಿದ್ದ.

ತಪಾಸಣೆಗೆ ಮುಂಚಿನ ಮಾರ್ಚಿಯಲ್ಲಿ, ಕರು ಹಾಕುವ ಕಾಲದ ನಟ್ಟನಡುವೆ, ಮೇಲಿನ ಇಳಿಜಾರಲ್ಲಿ ನಾಲ್ಕು ಚಕ್ರದ ಬೈಕು ಮಗುಚಿಕೊಂಡು ಅವನ ಮೇಲೆ ಬಿತ್ತು. ಡೆನ್ನಿಯೇ ಹೋಗಿ ನೋಡಿದ್ದು.

ಡಿಂಪ್ನಾ ಆಗ ಇದ್ದದ್ದು ನಮ್ಮ ದ್ವೀಪದ ಉತ್ತರದ ತುದಿಯ ಡೊನೆಗಾಲ್‌ನಲ್ಲಿ, ಸಮುದ್ರದ ದಂಡೆಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ. ಅಣ್ಣನನ್ನು ಮಣ್ಣು ಮಾಡಲು ಬಂದಳು. ಮಣ್ಣು ಮಾಡಿ ಮನೆಗೆ ಬಂದರೆ ಒಳಗೆ ಜನವೋ ಜನ, ತಟ್ಟೆ ತಟ್ಟೆ ಸ್ಯಾಂಡ್‌ವಿಚ್ಚು, ಕೆಟಲಿಗೆ ಬಿಡುವಿಲ್ಲ. ಹೊರಗೆ ಗೇಟಿನ ಹತ್ತಿರ ಹಸುಗಳು ಕೆಚ್ಚಲು ಬಿಗಿದು ಕೂಗುತ್ತಿದ್ದವು. ಮನೆಯಲ್ಲಿ ಸಾವಾದರೆ ಹಸುವಿಗೇನು ಗೊತ್ತು, ಪಾಪ. ನೆರೆಯವರು ನಾವು ಕರೀತೀವಿ ಅಂತ ಎದ್ದರು. ಡಿಂಪ್ನಾ ಯಾರಿಗೂ ಉತ್ತರ ಕೊಡದೆ ಕಪ್ಪು ಉಡುಪಿನ ಮೇಲೇ ಮೇಲಂಗಿ ಹಾಕಿಕೊಂಡು ತಗ್ಗಿಗೆ ಇಳಿದಳು. ಇಳಿದರೆ, ಕಟ್ಟೆ ಸರಿಯಾಗಿ ಅವಳ ಸೊಂಟಕ್ಕೆ ಬಂತು. ತಾತನ ಎತ್ತರವೇ ಅವಳದು, ಐದಡಿ ಎರಡಿಂಚು. ಅಣ್ಣ ಹಾಕಿದ್ದ ರೇಡಿಯೋ ಸ್ಟೇಷನ್ನೇ ಇನ್ನೂ ಹಾಡುತ್ತಿತ್ತು. ಅದನ್ನು ಆರಿಸದೆ, ಅಳುತ್ತಲೇ ಕೊನೆ ಹಸುವಿನವರೆಗೆ ಕರೆದಳು.

ಒಂದು ವಾರ ಇದ್ದು ಹೋಗ್ತೀನಿ ಅಂದವಳು ಬೇಸಿಗೆ ಕಳೆದರೂ ಹೋಗಲಿಲ್ಲ.

ಹೋಗಬೇಕಾದ ಕಾರಣ ಆ ಕಡೆ ಇತ್ತು. ಯೂನನ್ ಅಂತ, ಏಡಿ ಹಿಡಿಯುವವನು. ಚಿಕ್ಕದೊಂದು ದೋಣಿ, ಅದು ನಿಲ್ಲುವ ದಕ್ಕೆಯ ಮೇಲೆ ಒಂದು ಮನೆ. ವರ್ಷಗಟ್ಟಲೆ ಹೋಟೆಲಿನ ಹಿಂಬಾಗಿಲಿಗೆ ಏಡಿಯ ಬಕೆಟ್ಟು ತಂದಿಟ್ಟು, ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದ. ಅವಳಿಗೆ ನಲವತ್ತು ಹತ್ತಿರ ಬಂತು, ಅವನಿಗೆ ದಾಟಿತ್ತು. 'ಈ ಮನೆಗೆ ಸಮುದ್ರದ ಕಡೆ ಕಿಟಕಿ ಇದ್ದಿದ್ರೆ' ಅಂತ ಅವಳು ಒಮ್ಮೆ ಬಾಯಿತಪ್ಪಿ ಅಂದಿದ್ದಕ್ಕೆ ಗೋಡೆ ಒಡೆದು ಕಿಟಕಿ ಇಡಿಸಿದ್ದ. ಅಷ್ಟು ಸಾಕಲ್ಲ, ಇನ್ನೇನು ಹೇಳಬೇಕು.

ತಪಾಸಣೆಯವನು ಹೋದ ದಿನ ಊಟಕ್ಕೆ ಕೂತಾಗ ಡಿಂಪ್ನಾ ಕೇಳಿದಳು:

"ಏನ್ ಮಾಡೋಣ ಅಪ್ಪ, ಕೊಟ್ಟಿಗೆ ವಿಷಯ?"

"ನಿನಗೆ ಹೇಗನ್ಸುತ್ತೆ?"

"ನಂದೇನಿದೆ? ನೀನು ಹೇಗೆ ಹೇಳ್ತೀಯೋ ಹಾಗೆ."

"ನಾನು ಮುದುಕ. ನನ್ನ ಕೇಳಿ ಏನ್ ಮಾಡ್ತೀಯ? ನೀನು ಹೇಳು."

"ಇನ್ನೊಂದು ಆಲೂಗಡ್ಡೆ ಹಾಕ್ಲಾ?"

"ಬೇಡ ಬೇಡ."

ಅವಳು ಹಾಕಿದಳು, ಅವನು ತಿಂದ. ಮರುದಿನವೂ ಇದೇ ಮಾತು, ಅದರ ಮರುದಿನವೂ ಇದೇ. ಇಬ್ಬರ ತಲೆಗೂ ಒಂದೊಂದು ಮೊಟಕಿ, 'ಬಾಯಿ ಬಿಟ್ಟು ಹೇಳ್ರೋ' ಅನ್ನಲು ಆ ಮನೆಯಲ್ಲಿ ಮೂರನೆಯವರು ಯಾರೂ ಉಳಿದಿರಲಿಲ್ಲ. ಮಾತಿನಲ್ಲಿ ಗಟ್ಟಿಗಿತ್ತಿಯಾಗಿದ್ದ ತಾಯಿ ಎಂದೋ ತೀರಿಹೋಗಿದ್ದಳು.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬೇರೆಯವರ ಹೊಸ ಕೊಟ್ಟಿಗೆ ನೋಡಿ ಬರೋದು ನಮ್ಮ ಕಡೆ ಒಂದು ಚಟ. ಕಟ್ಟಿಸುವವರೂ ಹೋಗುತ್ತಾರೆ, ಕಟ್ಟಿಸದವರೂ ಹೋಗುತ್ತಾರೆ. ಕಾಂಕ್ರೀಟು ಕೆಲಸದ ಟೈಗ್ ತನ್ನ ಗಾಡಿಯಲ್ಲಿ ಅಪ್ಪ ಮಗಳನ್ನು ಕೂರಿಸಿಕೊಂಡು ಹೋದ. ಟೈಗ್ ಫಿಂಟನ್ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದವನು, ಬಾಯಿ ಸುಮ್ಮನಿರದ ಆಳು. ಒಂದು ಕಡೆ ಹಸುಗಳು ದೊಡ್ಡ ಚಕ್ರದ ಮೇಲೆ ನಿಂತು ನಿಧಾನಕ್ಕೆ ಸುತ್ತುತ್ತ ಹಾಲು ಕೊಡುವ ಕೊಟ್ಟಿಗೆ ನೋಡಿದರು.

"ಇದು ಕೊಟ್ಟಿಗೆಯಲ್ಲ ಕಣೋ, ರಾಟವಾಳ," ಅಂದ ಡೆನ್ನಿ. "ನಮ್ಮ ಮದರ್ ಸುಪೀರಿಯರ್‌ನ ಇದಕ್ಕೆ ಹತ್ತಿಸಿದರೆ ಇಳಿಯೋದೇ ಇಲ್ಲ ಅಂತಾಳೆ."

ಮದರ್ ಸುಪೀರಿಯರ್ ಅಂದರೆ ಅವರ ಮಂದೆಯ ಹಿರಿ ಹಸು. ಅವಳು ಒಳಗೆ ಕಾಲಿಡುವವರೆಗೆ ಬೇರೆ ಹಸು ಅಲ್ಲಾಡುವಂತಿಲ್ಲ. ಹೆಸರಿಟ್ಟಿದ್ದು ಫಿಂಟನ್, ಕಾನ್ವೆಂಟಿನ ಹಿರಿ ಸನ್ಯಾಸಿನಿಯ ಕೈಲಿ ತಿಂದ ಏಟಿಗೆ ಅದು ಸೇಡು.

ಇನ್ನೊಂದು ಕಡೆ ಯಂತ್ರದ ತೋಳೇ ಕರೆಯುತ್ತಿತ್ತು, ಮನುಷ್ಯರ ಸುಳಿವಿಲ್ಲ.

"ಮನೆಯವನೆಲ್ಲಿ?" ಅಂತ ಡೆನ್ನಿ ಕೇಳಿದ.

"ಒಳಗೆ ಟೀವಿ ನೋಡ್ತಿದಾನೆ. ಏನಾದ್ರೂ ಆದ್ರೆ ಯಂತ್ರ ಫೋನ್ ಮಾಡುತ್ತೆ," ಅಂದ ಟೈಗ್.

"ಹಸುಗೂ ಒಂದು ಟೀವಿ ಹಾಕಿಸಿಕೊಡಿ, ಪಾಪ, ಅದೊಂದೇ ಯಾಕೆ ನಿಂತಿರಬೇಕು."

ಡಿಂಪ್ನಾಗೆ ನಗು ತಡೆಯಲಾಗಲಿಲ್ಲ. ಮಾರ್ಚಿಯ ನಂತರ ಅವಳು ಹೊಟ್ಟೆ ತುಂಬ ನಕ್ಕಿದ್ದು ಅದೇ ಮೊದಲು. ತಿರುಗಿದರೆ ಅಪ್ಪ ಅವಳನ್ನೇ ನೋಡುತ್ತಿದ್ದ, ಅವನ ಮುಖದಲ್ಲೂ ಬಹಳ ದಿನದಿಂದ ಇಲ್ಲದ ಒಂದು ಬೆಳಕು. ಕೊಟ್ಟಿಗೆ ಕಟ್ಟಿಸೋ ಆಸೆ ಇದೆ ಅಪ್ಪನಿಗೆ, ಅಂದುಕೊಂಡಳು. ಕೊಟ್ಟಿಗೆಯ ಮಾತು ಬಂದರೇನೇ ಜೀವ ಬರುತ್ತೆ.

ನವೆಂಬರಿನ ಮೊದಲಿಗೆ, ಸಂತರ ಹಬ್ಬದ ಹೊತ್ತಿಗೆ ಯೂನನ್ ಬಂದ. ದಾರಿಯುದ್ದಕ್ಕೂ ಮಳೆ, ಇಡೀ ದೇಶದ ಉದ್ದ ಗಾಡಿ ಓಡಿಸಿಕೊಂಡು ಬಂದಿದ್ದ. ಡೆನ್ನಿ ಅವನಿಗೆ ಒಲೆಯ ಪಕ್ಕದ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಡಿಂಪ್ನಾ ಅದನ್ನು ಕಂಡಳು, ಆದರೆ ಬರೀ ಮರ್ಯಾದೆ ಅಂದುಕೊಂಡಳು. ಸಂಜೆ ಯೂನನ್ ಹಠ ಮಾಡಿ ಅವಳ ಜೊತೆ ತಗ್ಗಿಗೆ ಇಳಿದ. ಮದರ್ ಸುಪೀರಿಯರ್ ಹೊಸಬನನ್ನು ಒಮ್ಮೆ ತಿರುಗಿ ನೋಡಿ, ಬಾಲ ಎತ್ತಿ, ಅವನ ಹೆಗಲ ಮೇಲೆ ಸಗಣಿ ಸುರಿಸಿದಳು.

"ಸಮುದ್ರ ಇಷ್ಟು ಮಾಡಿಲ್ಲ ನನಗೆ," ಅಂದ ಯೂನನ್, ಒರೆಸಿಕೊಳ್ಳುತ್ತ.

"ನಿನ್ನ ಒಪ್ಪಿಕೊಂಡಳು ಅಂತ ಅರ್ಥ."

"ಅವಳು ಒಪ್ಪಿದಳು. ನೀನು?" ಅಂದವನು ನಗು ಬಿಟ್ಟು ನಿಂತ. "ಡಿಂಪ್ನಾ, ಹಸುಗಳನ್ನ ಬತ್ತಿಸಿದ ಮೇಲೆ ಬರ್ತೀಯಾ? ಬರ್ತೀನಿ ಅಂದ್ರೆ ಎಷ್ಟು ದಿನ ಬೇಕಾದ್ರೂ ಕಾಯ್ತೀನಿ."

"ಅಪ್ಪನ ಮನಸ್ಸು ತಿಳ್ಕೋಬೇಕು."

"ಕೇಳು ಮತ್ತೆ."

"ಕೇಳಿದೆ. ನಿನಗೆ ಹೇಗನ್ಸುತ್ತೋ ಹಾಗೆ ಅಂತಾನೆ."

ಯೂನನ್ ತಲೆ ಅಲ್ಲಾಡಿಸಿದ. ಅವರ ಕಡೆಯೂ ಇದೇ ಕತೆ, ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವನು ಹೋದ ಮರುದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ಹಸುಗಳನ್ನು ಗದ್ದೆಗೆ ಬಿಟ್ಟು ಬರುತ್ತಿದ್ದ ಡಿಂಪ್ನಾಗೆ ಹಿತ್ತಲಲ್ಲಿ ಅಪ್ಪ ಕಂಡ. ಫಿಂಟನ್ ಹೊಡೆದಿದ್ದ ಗೂಟದ ಮುಂದೆ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ, ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಿದ್ದ. ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಕೈ ಬಿಟ್ಟು, ಸುತ್ತ ಮಣ್ಣನ್ನು ಅಂಗೈಯಿಂದ ತಟ್ಟಿ ತಟ್ಟಿ ಬಿಗಿಮಾಡಿದ. ಮಗ ಬಿಟ್ಟು ಹೋದ ಕೆಲಸ ನಿಲ್ಲಬಾರದು ಅಂತ ಈ ಮುದುಕ ಮಂಜಲ್ಲಿ ಮಂಡಿಯೂರಿದಾನೆ, ನಾನು ಕಿಟಕಿ ಕಿಟಕಿ ಅಂತಿದೀನಲ್ಲ ಅಂದುಕೊಂಡಳು. ತಿರುಗಿ ಬೇರೆ ದಾರಿಯಲ್ಲಿ ಮನೆಗೆ ಬಂದಳು.

ತಿಂಡಿಗೆ ಕೂತಾಗ ಹೇಳಿಯೇಬಿಟ್ಟಳು:

"ಕಟ್ಟೋಣ ಅಪ್ಪ. ಫಿಂಟನ್ ಗೂಟ ಹೊಡೆದ ಜಾಗದಲ್ಲೇ. ಚಕ್ರ ಬೇಡ, ಯಂತ್ರದ ತೋಳು ಬೇಡ. ಅವನು ಹೇಳ್ತಿದ್ದ ಹಾಗೆ ಎರಡು ಸಾಲು, ನಡುವೆ ತಗ್ಗು."

ಡೆನ್ನಿ ಚಹಾಕ್ಕೆ ಸಕ್ಕರೆ ಹಾಕಿದ್ದ, ಮತ್ತೆ ಹಾಕಿದ.

"ಯೋಚನೆ ಮಾಡಿ ಹೇಳ್ತಿದೀಯಾ?"

"ಹೂಂ."

"ನಿನಗೆ ಬೇಕಾ ಇದು?"

"ಬೇಕು."

ಅವನು ಅವಳ ಮುಖ ನೋಡಿದ. ಇನ್ನೊಂದು ಸಲ ಕೇಳುತ್ತಾನೆ ಅಂತ ಅವಳಿಗೆ ಅನ್ನಿಸಿತು, ಕೇಳಿದರೆ ಅತ್ತುಬಿಡುತ್ತೇನೆ ಅಂತಲೂ ಅನ್ನಿಸಿತು. ಅವನು ಕೇಳಲಿಲ್ಲ. "ಸರಿ, ನೀನು ಇಷ್ಟು ಹೇಳ್ತೀಯಲ್ಲ," ಅಂತ ಎದ್ದು ಟೋಪಿ ಹಾಕಿಕೊಂಡು ಹೊರಗೆ ಹೋದ. ಖುಷಿಯಾಗಿದೆ ಅಪ್ಪನಿಗೆ, ಅದಕ್ಕೇ ಎದ್ದು ಹೋದ ಅಂದುಕೊಂಡಳು, ದಡ್ಡಿ.

ಟೈಗ್‌ನ ಮಣ್ಣು ತೋಡುವ ಯಂತ್ರ ಅಂಗಳಕ್ಕೆ ಬಂತು. ತಗಡು, ಕಂಬ, ಕಬ್ಬಿಣ ಬಂದವು. ಡಿಸೆಂಬರಿನಲ್ಲಿ ಹಸುಗಳನ್ನು ಬತ್ತಿಸಿ ಒಳಕೊಟ್ಟಿಗೆಗೆ ಕಟ್ಟಿದ ಮೇಲೆ ಡಿಂಪ್ನಾ ಹೋಟೆಲಿನ ಲೆಕ್ಕ ಮುಗಿಸಿ ತನ್ನ ಸಾಮಾನು ತರುತ್ತೇನೆ ಅಂತ ಒಂದು ವಾರಕ್ಕೆ ಡೊನೆಗಾಲ್‌ಗೆ ಹೊರಟಳು.

"ಎಲ್ಲ ತರ್ತೀಯಾ?" ಅಂತ ಡೆನ್ನಿ ಗಾಡಿಯ ಕಿಟಕಿಗೆ ಬಗ್ಗಿ ಕೇಳಿದ.

"ಎಲ್ಲ," ಅಂದಳು. ಅವನು ಮುಂದಿನ ಗಾಜು ಒರೆಸಿಕೊಟ್ಟು ಹಿಂದೆ ಸರಿದ.

ಹೋಟೆಲಿನ ಕೆಲಸವೆಲ್ಲ ಮುಗಿಸಿ ಕೊನೆಯ ದಿನ ಅವಳು ದಕ್ಕೆಯ ಮೇಲಿನ ಮನೆಗೆ ಹೋದಾಗ, ಯೂನನ್ ಆ ಹೊಸ ಕಿಟಕಿಯ ಕೆಳಗೆ ಎರಡು ಕುರ್ಚಿ ಹಾಕಿದ್ದ. ಅವಳು ಕೂರಲಿಲ್ಲ. ಕೂತರೆ ಏಳಲಾರೆ ಅಂತ ಗೊತ್ತಿತ್ತು. ಅಪ್ಪ, ಕೊಟ್ಟಿಗೆ, ಅಣ್ಣನ ಗೂಟ ಅಂತ ನಿಜ ಹೇಳಿದರೆ ಈ ಮನುಷ್ಯ ಕಾಯುತ್ತಾನೆ. ಹತ್ತು ವರ್ಷ ಬೇಕಾದರೂ ಕಾಯುತ್ತಾನೆ, ಆ ಕುರ್ಚಿಯಲ್ಲಿ ಒಬ್ಬನೇ ಮುದುಕನಾಗುತ್ತಾನೆ. ಅದನ್ನು ಮಾಡಬಾರದು ಅಂತ ಬರುವ ದಾರಿಯಲ್ಲಿ ತೀರ್ಮಾನ ಮಾಡಿಕೊಂಡು ಬಂದಿದ್ದಳು.

"ನಿನ್ನ ಮದುವೆ ಆಗೋ ಮನಸ್ಸು ನನಗೆ ಯಾವತ್ತೂ ಇರ್ಲಿಲ್ಲ ಯೂನನ್," ಅಂದಳು. "ಹೇಳೋಕೆ ಸಂಕೋಚ ಆಗ್ತಿತ್ತು. ಹೊತ್ತು ಕಳೆಯೋಕೆ ಜೊತೆಗೆ ಒಬ್ರು ಇದ್ರೆ ಸಾಕು ಅನ್ಸಿತ್ತು, ಅಷ್ಟೇ."

ಅವನು ಒಂದು ಸಲವೂ ತಿರುಗಿ ಕೇಳಲಿಲ್ಲ. ನಂಬಿದ. ತನ್ನಂಥವನಿಗೆ ಇಷ್ಟೇ ಸರಿ ಅಂತ ಒಳಗೊಳಗೇ ಮೊದಲೇ ಅಂದುಕೊಂಡಿದ್ದವನ ಹಾಗೆ ನಂಬಿದ. ಆ ಮನೆಯಲ್ಲೇ ಇಟ್ಟಿದ್ದ ಅವಳ ಪೆಟ್ಟಿಗೆಗಳನ್ನು ತಾನೇ ಹೊತ್ತು ಗಾಡಿಗೆ ಇಟ್ಟ, ಮಳೆ ತಗುಲದ ಹಾಗೆ ಮೇಲೆ ದೋಣಿಯ ಟಾರ್ಪಾಲು ಹೊದಿಸಿದ. "ರಸ್ತೆ ಜಾರುತ್ತೆ, ನಿಧಾನ," ಅಂದ. ಅವಳು ಸ್ಲೈಗೋ ಊರು ದಾಟುವವರೆಗೆ ಗಟ್ಟಿಯಾಗಿದ್ದಳು. ಆಮೇಲೆ ಗಾಡಿ ನಿಲ್ಲಿಸಿ, ಮೈ ಹಿಂಡುವ ಹಾಗೆ ಅತ್ತಳು. ಮಾಡಿದ್ದು ಸರಿ ಅಂತ ತನಗೆ ತಾನೇ ಹೇಳಿಕೊಂಡಳು. ಯಾರಾದರೂ ಒಬ್ಬರಿಗಾದರೂ ಇದರಿಂದ ಒಳ್ಳೆಯದಾಗುತ್ತೆ, ಅಪ್ಪನಿಗಾದರೂ.

ಮನೆಗೆ ಬಂದಾಗ ಮಧ್ಯಾಹ್ನ. ಪೆಟ್ಟಿಗೆ ಇಳಿಸುವ ಮೊದಲೇ ಹಿತ್ತಲಿಗೆ ಹೋದಳು. ಹೊಸ ಕೊಟ್ಟಿಗೆ ಎದ್ದು ನಿಂತಿತ್ತು. ಮಾಡು ಏರಿತ್ತು, ಎರಡೂ ಕಡೆ ಕಟ್ಟೆ, ನಡುವೆ ತಗ್ಗು, ಎಲ್ಲ ಕಾಂಕ್ರೀಟು ಬಿದ್ದು ಗಟ್ಟಿಯಾಗಿತ್ತು. ಟೈಗ್ ಆ ತುದಿಯಲ್ಲಿ ಕರಣೆ ತೊಳೆಯುತ್ತಿದ್ದ.

"ಬಾ ಬಾ ಯಜಮಾನಿ, ಅರಮನೆ ನೋಡು!" ಅಂದ.

ಅವಳು ಮೆಟ್ಟಿಲಿಳಿದಳು. ಒಂದು ಮೆಟ್ಟಿಲು ಹೆಚ್ಚಿಗೆ ಇತ್ತು. ಕೆಳಗೆ ನಿಂತಾಗ ಕಟ್ಟೆ ಅವಳ ಎದೆಗೆ ಬಂತು. ಅಲ್ಲಿ ಹಸು ನಿಂತಿದೆ ಅಂದುಕೊಂಡು ಕೈ ಚಾಚಿದಳು. ಕೈ ತಲೆಯ ಮಟ್ಟ ದಾಟಿ ಹೋಯಿತು, ಎತ್ತರದ ತಂತಿಗೆ ಬಟ್ಟೆ ಹರವುವವಳ ಹಾಗೆ. ಎಲ್ಲೋ ತಪ್ಪು ನಿಂತಿದೀನಿ ಅಂತ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದಳು. ಅಲ್ಲೂ ಎದೆಮಟ್ಟವೇ.

"ಟೈಗ್, ಆಳ ಯಾರು ಹೇಳಿದ್ದು?"

"ನಿಮ್ಮಪ್ಪ. ಕರೆಯೋವ್ರ ಎತ್ತರ ಎಷ್ಟು ಅಂತ ಕೇಳಿದೆ. ಆರಡಿ ಒಂದಿಂಚು ಅಂದ." ಅವನ ಕೈಯಲ್ಲಿದ್ದ ಕರಣೆ ನಿಂತಿತು. ತನ್ನ ಬಾಯಿಂದ ಬಂದ ಅಂಕಿ ಯಾರದು ಅಂತ ಅವನಿಗೆ ಆಗ ಹೊಳೆಯಿತು. "ಅಯ್ಯೋ ದೇವರೇ. ನಾನು ಆಳು ಗೀಳು ಇಡ್ತೀರೇನೋ ಅಂದ್ಕೊಂಡೆ ಡಿಂಪ್ನಾ. ನೀನು ಆ ಕಡೆಗೇ ಹೋಗ್ತೀಯ, ಮದುವೆ ಅಂತ ಊರೆಲ್ಲ ಮಾತಾಡ್ತಿತ್ತು."

ಡೆನ್ನಿ ಬಾಗಿಲಲ್ಲಿ ಬಂದು ನಿಂತಿದ್ದ. ಟೈಗ್ ಇಬ್ಬರ ಮುಖವನ್ನೂ ನೋಡಿ, ನೀರು ತರ್ತೀನಿ ಅಂತ ಬಕೆಟ್ಟು ಎತ್ತಿಕೊಂಡು ಹೊರಗೆ ಹೋದ.

ಡಿಂಪ್ನಾಗೆ ಅಷ್ಟು ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ತಗ್ಗಿನೊಳಗಿಂದಲೇ ಕೂಗಿದಳು: "ನಾನು ಕಾಣಿಸೋದೇ ಇಲ್ವಾ ನಿನಗೆ? ಮಾರ್ಚಿಯಿಂದ ಎರಡು ಹೊತ್ತೂ ಕರೀತಿರೋದು ಯಾರು? ನಾನಾ, ಅವನಾ? ಸತ್ತವನ ಅಳತೆ ಕೊಟ್ಟಿದೀಯಲ್ಲ ಅಪ್ಪ, ನನ್ನ ಅಳತೆ ಬಾಯಿಗೆ ಬರ್ಲಿಲ್ವಾ?"

"ಬಂತು," ಅಂದ ಡೆನ್ನಿ.

"ಏನು?"

"ನಿಂದೇ ಬಾಯಿಗೆ ಬಂದಿದ್ದು. ಹೇಳೋಕೆ ಆಗ್ಲಿಲ್ಲ." ಅವನು ಕಟ್ಟೆಯ ಅಂಚಿಗೆ ಬಂದು ಕಷ್ಟಪಟ್ಟು ಕೂತ. ಅವನ ಬೂಟುಗಳು ಅವಳ ಸೊಂಟದ ಹತ್ತಿರ ಜೋತುಬಿದ್ದವು. "ನಿನ್ನ ಅಳತೆಗೆ ಕಾಂಕ್ರೀಟು ಹಾಕಿಸಿದ್ರೆ ನಿನ್ನ ಇದರೊಳಗೆ ಹೂತ ಹಾಗಾಗುತ್ತೆ ಅನ್ನಿಸ್ತು. ಇಪ್ಪತ್ತು ವರ್ಷ, ಮೂವತ್ತು ವರ್ಷ. ಅದು ನನ್ನ ಕೈಲಿ ಆಗ್ಲಿಲ್ಲ ಮಗಳೇ. ಅವನ ಅಳತೆ ಹೇಳ್ಬಿಟ್ಟೆ. ಅವನಿಗೆ ಇನ್ನೇನೂ ಕೆಟ್ಟದಾಗಲ್ವಲ್ಲ."

"ಮತ್ತೆ ಯಾಕೆ ಕಟ್ಟಿಸ್ದೆ?"

"ನೀನು ಬೇಕು ಅಂದೆ."

"ನೀನು ಆ ಗೂಟ ಹಿಡ್ಕೊಂಡು ಮಂಡಿಯೂರಿದ್ದು ನೋಡ್ದೆ ನಾನು. ಅದಕ್ಕೇ ಅಂದೆ!"

ಡೆನ್ನಿ ಅವಳನ್ನೇ ನೋಡಿದ. "ಕೀಳೋಕೆ ಹೋಗಿದ್ದೆ. ಯೂನನ್ ಬಂದು ಹೋದ್ನಲ್ಲ, ನಿನಗೆ ಹೋಗೋ ದಾರಿ ಬಿಡಬೇಕು, ಹಸು ಮಾರಿಬಿಡೋಣ ಅಂತ ಕೀಳೋಕೆ ಹೋದೆ. ಅವನ ಕೈಲಿ ಹೊಡೆದಿದ್ದು, ಬರ್ಲೇ ಇಲ್ಲ. ಆಮೇಲೆ ನೀನೇ ಕಟ್ಟೋಣ ಅಂದೆ. ಒಂದು ಸಲ ಕೇಳ್ದೆ, ಎರಡು ಸಲ ಕೇಳ್ದೆ. ಮೂರನೇ ಸಲ ಕೇಳೋಕೆ ನನಗೆ ಭಯ ಆಯ್ತು."

"ಯಾಕೆ?"

"ಹೋಗ್ತೀನಿ ಅಂದ್ಬಿಟ್ರೆ ಅಂತ." ಅವನು ಟೋಪಿ ತೆಗೆದು ಮುಖ ಒರೆಸಿಕೊಂಡ. "ನೀನು ಹೋಗ್ಬೇಕು ಅಂತಾನೂ ಇತ್ತು, ಹೋದ್ರೆ ನನ್ನ ಗತಿ ಏನು ಅಂತಾನೂ ಇತ್ತು. ಈಗ ಹೇಳ್ತಿದೀನಿ, ಕೇಳು. ನಂಗೆ ಈ ಕೊಟ್ಟಿಗೆ ಬೇಡ. ನೀನು ಅವತ್ತು ಆ ಯಂತ್ರದ ಮುಂದೆ ನಕ್ಕೆಯಲ್ಲ, ಹಾಗೆ ನಗ್ತಾ ಇರೋದು ನೋಡ್ಬೇಕು, ಎಲ್ಲಾದ್ರೂ ಇರು. ಹಸು ನಾಳೆನೇ ಮಾರ್ತೀನಿ. ಒಳಗೆ ಹೋಗಿ ಅವನಿಗೆ ಫೋನ್ ಮಾಡು. ಬರ್ತೀನಿ ಅನ್ನು."

ಬದುಕಿನಲ್ಲಿ ಮೊದಲ ಸಲ ಆ ಮನುಷ್ಯ ತನಗೆ ಏನು ಬೇಕು ಅಂತ ಬಾಯಿಬಿಟ್ಟು ಹೇಳಿದ್ದ. ಏಳು ದಿನ ಮುಂಚೆ ಹೇಳಿದ್ದರೆ! ಡಿಂಪ್ನಾ ಕಟ್ಟೆಯ ಮೇಲೆ ಎರಡೂ ಕೈ ಊರಿ ತಲೆ ಇಟ್ಟಳು. ಹೊಸ ಕಾಂಕ್ರೀಟು ಹಣೆಗೆ ತಣ್ಣಗೆ ಹತ್ತಿತು.

"ಆಗಲ್ಲ ಅಪ್ಪ."

"ಯಾಕಾಗಲ್ಲ? ಒಳ್ಳೆ ಹುಡುಗ, ಬಾ ಅಂತಾನೆ."

"ನಿನ್ನ ಮೇಲೆ ನನಗೆ ಯಾವತ್ತೂ ಮನಸ್ಸೇ ಇರ್ಲಿಲ್ಲ ಅಂತ ಅವನಿಗೆ ಹೇಳಿ ಬಂದೆ. ಅವನು ಕಾಯ್ಬಾರ್ದು ಅಂತ."

"ಸುಳ್ಳು ಅಂತ ಹೇಳು."

"ನಂಬಿದ ಅಪ್ಪ! ಮಾತೇ ಆಡ್ಲಿಲ್ಲ. ಪೆಟ್ಟಿಗೆ ಹೊತ್ತು ಗಾಡಿಗಿಟ್ಟ. ಇನ್ನು ನಾನು ಏನು ಹೇಳಿದ್ರೂ, ಅಪ್ಪ ಹಸು ಮಾರ್ದ, ಹೋಗೋಕೆ ಬೇರೆ ಜಾಗ ಇಲ್ಲ, ಅದಕ್ಕೆ ಬಂದ್ಲು ಅಂದ್ಕೋತಾನೆ. ಬಾ ಅಂತಾನೆ, ಹೌದು. ಬಾ ಅಂದು ಜನ್ಮವೆಲ್ಲ ಹಾಗೇ ಅಂದ್ಕೊಂಡಿರ್ತಾನೆ. ಅವನ ಮುಖ ನೋಡಿದ್ದು ನಾನು, ನೀನಲ್ಲ."

ಡೆನ್ನಿ ಕೂತಲ್ಲಿಂದಲೇ ಮುಂದಕ್ಕೆ ಬಗ್ಗಿದ. ಕೈ ಇಳಿಬಿಟ್ಟು ಅವಳ ತಲೆಗೂದಲ ಮೇಲೆ ಇಟ್ಟ. ಚಿಕ್ಕಂದಿನಿಂದ ಅವನು ಹಾಗೆ ಮುಟ್ಟಿದ್ದು ಅವಳಿಗೆ ನೆನಪಿರಲಿಲ್ಲ. ಇಬ್ಬರೂ ಅತ್ತರು. ಒಬ್ಬರಿಗೊಬ್ಬರು ಮುಚ್ಚಿಕೊಳ್ಳದೆ ಅತ್ತರು. ಫಿಂಟನ್ ಸತ್ತಾಗಲೂ ಹಾಗೆ ಅತ್ತಿರಲಿಲ್ಲ ಆ ಮನೆಯಲ್ಲಿ.

ಆಚೆ ಕೊಟ್ಟಿಗೆಯಲ್ಲಿ ತುಂಬುಗಬ್ಬದ ಹಸುಗಳು ಮೇವಿಗೆ ಕೂಗಲು ಶುರುಮಾಡಿದವು. ಡಿಂಪ್ನಾ ತೋಳಿಂದ ಮೂಗು ಒರೆಸಿಕೊಂಡಳು. ಈ ಮುದುಕನನ್ನು ಒಬ್ಬನನ್ನೇ ಬಿಟ್ಟು ಎಲ್ಲಿಗೆ ಹೋಗೋದು, ಹೋಗಿ ಯಾರ ಅಡುಗೆಮನೆಯಲ್ಲಿ ಪಾತ್ರೆ ಉಜ್ಜೋದು? ಫೆಬ್ರವರಿಗೆ ಕರುಗಳು ಬೀಳುತ್ತವೆ, ಕೆಚ್ಚಲು ತುಂಬುತ್ತವೆ. ಯಾರಾದರೂ ಒಬ್ಬರು ಕರೆಯಲೇಬೇಕು.

ಟೈಗ್ ಬಾಗಿಲ ಆಚೆಯಿಂದಲೇ ಕೆಮ್ಮಿದ. ಒಳಗೆ ಬರಲು ಅವನಿಗೆ ಕಾಲು ಬರಲಿಲ್ಲ.

"ಡೆನ್ನಿ, ಇದೇನು ದೊಡ್ಡ ಕೆಲಸ ಅಲ್ಲ," ಅಂದ. "ಇನ್ನೊಂದು ಪದರ ಸುರಿದು ನೆಲ ಎತ್ತರಿಸಬಹುದು. ನೀರು ಹೋಗೋ ದಾರಿಯನ್ನೂ ಮೇಲಕ್ಕೆ ತಗೋತೀನಿ. ನನ್ನ ಖರ್ಚಲ್ಲೇ ಮಾಡ್ತೀನಿ, ತಪ್ಪು ನಂದೂ ಇದೆ. ಎಷ್ಟಕ್ಕೆ ತರ್ಲಿ, ಅಷ್ಟು ಹೇಳಿ ಸಾಕು."

ಡೆನ್ನಿ ಕಟ್ಟೆಯ ಅಂಚನ್ನು ಅಂಗೈಯಿಂದ ತಟ್ಟುತ್ತ ಕೂತ. ಅವನಿಂದ ಆಗುವುದಿಲ್ಲ ಅಂತ ಡಿಂಪ್ನಾಗೆ ಗೊತ್ತಾಯಿತು. ಮಗನ ಅಳತೆಯ ಮೇಲೆ ಮಣ್ಣೆಳೆದು ಮಗಳ ಅಳತೆ ಹೇಳು ಅಂದರೆ ಯಾವ ತಂದೆ ಹೇಳುತ್ತಾನೆ.

"ಐದಡಿ ಎರಡಿಂಚು," ಅಂದಳು.

ಬಾಗಿಲ ಆಚೆ ಇದ್ದ ಟೈಗ್‌ಗೆ ಕೇಳಿಸಲಿಲ್ಲ. "ಆಂ? ಎಷ್ಟು?" ಅಂದ. ಅವಳು ಅದನ್ನು ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು.